ರವೆ ಉಂಡೆಯ ತಪ್ಪಲ್ಲ

ನಮ್ಮ ಮನೆಯಲ್ಲಿ ರವೆ ಉಂಡೆ ಕಟ್ಟಿ ಎಂಟು ತಿಂಗಳಾಗುತ್ತಾ ಬಂತು. ಗೌರಿ ಹಬ್ಬಕ್ಕೂ ಇಲ್ಲ, ದೀಪಾವಳಿಗೂ ಇಲ್ಲ. ಉಂಡೆ ತುಂಬಿಡುತ್ತಿದ್ದ ಸ್ಟೀಲ್ ಡಬ್ಬ ಅಡುಗೆಮನೆಯ ಮೇಲಿನ ಗೂಡಿನಲ್ಲಿ ಬೋರಲಾಗಿ ಕೂತಿದೆ. ಬೇಡವೆಂದು ಯಾರೂ ಹೇಳಲಿಲ್ಲ. ಕಟ್ಟುವವಳೇ ನಿಲ್ಲಿಸಿಬಿಟ್ಟಳು.

ಮಕ್ಕಳೇ, ಈ ವಾರದ್ದನ್ನು ಸಾಧ್ಯವಾದರೆ ನಿಮ್ಮ ಅಜ್ಜಿಯ ಪಕ್ಕದಲ್ಲಿ ಕೂತು ಓದಿ. ಇಬ್ಬರಿಗೂ ಬೇಕಾದ ವಿಷಯ.

ಹೋದ ಶ್ರಾವಣದಲ್ಲಿ ನಮ್ಮ ಮೊಮ್ಮಗಳಿಗೆ ಟೈಪ್ ಒನ್ ಸಕ್ಕರೆ ಕಾಯಿಲೆ ಬಂತು. ಆಗ ಅವಳಿಗೆ ಹತ್ತು ವರ್ಷ. ಮೊದಲು ನಾಲ್ಕು ದಿನ ಜ್ವರ ಬಂದು ಹೋಯಿತು. ಆಮೇಲೆ ಸೊರಗತೊಡಗಿದಳು. ರಾತ್ರಿ ಎದ್ದೆದ್ದು ಚೊಂಬುಗಟ್ಟಲೆ ನೀರು ಕುಡಿಯುವಳು. ಮೂರು ವರ್ಷಕ್ಕೇ ಬಿಟ್ಟಿದ್ದ ಅಭ್ಯಾಸ, ಹಾಸಿಗೆ ಒದ್ದೆ ಮಾಡುವುದು, ಮತ್ತೆ ಶುರುವಾಯಿತು. ಪರೀಕ್ಷೆಯ ಭಯ ಇರಬೇಕು ಎಂದುಕೊಂಡೆವು. "ಏನ್ರೀ, ಮಗು ಕಡ್ಡಿ ಆಗ್ತಾ ಇದೆ" ಎಂದು ನನ್ನಾಕೆ ದಿನಕ್ಕೊಂದಿದ್ದ ಉಂಡೆಯನ್ನು ಎರಡು ಮಾಡಿದಳು. ಒಂದು ಬೆಳಿಗ್ಗೆ ವಾಂತಿ, ಹೊಟ್ಟೆನೋವು. ಹತ್ತಿರದ ಡಾಕ್ಟರು ಅಜೀರ್ಣವೆಂದು ಔಷಧಿ ಕೊಟ್ಟು ಕಳಿಸಿದರು. ಸಂಜೆಗೆ ಮಗು ದೀರ್ಘವಾಗಿ ಉಸಿರೆಳೆಯತೊಡಗಿದಾಗ ಆಸ್ಪತ್ರೆಗೆ ಓಡಿದೆವು. ಅಲ್ಲಿಯ ನರ್ಸು ಬೆರಳು ಚುಚ್ಚಿ ನೋಡಿದಳು: 486.

ಐದು ದಿನ ಆಸ್ಪತ್ರೆಯಲ್ಲಿದ್ದು ಮಗು ಚೇತರಿಸಿಕೊಂಡು ಮನೆಗೆ ಬಂದಳು. ಅಜ್ಜಿ ಚೇತರಿಸಿಕೊಳ್ಳಲಿಲ್ಲ. "ನಾನೇ ತಿನ್ನಿಸಿ ತಿನ್ನಿಸಿ ಹೀಗ್ಮಾಡ್ಬಿಟ್ಟೆ" ಎಂಬ ಒಂದೇ ಮಾತು. ಡಾಕ್ಟರಮ್ಮ ಎರಡು ಸಲ ಹೇಳಿದರು, "ಅಜ್ಜಿ, ಇದು ಉಂಡೆಯಿಂದ ಬರೋ ಕಾಯಿಲೆ ಅಲ್ಲ. ಒಳಗೆ ಶುರುವಾಗಿ ವರ್ಷಗಳೇ ಆಗಿರ್ತವೆ." ಇವಳು ತಲೆಯಾಡಿಸಿದಳು, ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡಳು.

ನಿಜ ಹೇಳಬೇಕೆಂದರೆ ನಾನೂ ಪೂರ್ತಿ ನಂಬಿರಲಿಲ್ಲ. ಜೂನ್‌ನಲ್ಲಿ ಕುಣಿಯುತ್ತಿದ್ದ ಮಗು ಆಗಸ್ಟ್‌ನಲ್ಲಿ ಮಲಗಿದರೆ ಅದು ವರ್ಷಗಳ ಹಿಂದೆ ಶುರುವಾದದ್ದು ಹೇಗಾದೀತು? ಬ್ಯಾಂಕಿನಲ್ಲಿದ್ದಾಗ ಡೇ ಬುಕ್ ಟ್ಯಾಲಿ ಆಗದಿದ್ದರೆ ಮೂರು ರೂಪಾಯಿ ವ್ಯತ್ಯಾಸಕ್ಕೂ ರಾತ್ರಿ ಎಂಟರವರೆಗೆ ಕೂತು ಹುಡುಕಿದವನು ನಾನು. ಇದನ್ನೂ ಹುಡುಕೋಣವೆಂದು ಒಂದು ನೋಟ್ ಪುಸ್ತಕ ತೆಗೆದುಕೊಂಡು, ಗೊತ್ತಾಗದ್ದನ್ನೆಲ್ಲ ಡಾಕ್ಟರಮ್ಮನನ್ನು ಕೇಳಿ ಕೇಳಿ ಬರೆದುಕೊಂಡೆ. ನಾನು ಓದಿದ್ದು ಬಿಕಾಂ. ಆದ್ದರಿಂದ ನನಗೆ ಅರ್ಥವಾದದ್ದು ನನ್ನ ಭಾಷೆಯಲ್ಲೇ.

ಹತ್ತು ವರ್ಷದ ಮಗುವಿನ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು ಅರ್ಧ ಚಮಚ ಮಾತ್ರ. ಒಂದು ರವೆ ಉಂಡೆ ತಿಂದರೆ ಅದರ ಎಷ್ಟೋ ಪಟ್ಟು ಒಳಗೆ ಬರುತ್ತದೆ. ಆದರೂ ಆರೋಗ್ಯವಂತ ಮಗುವಿನ ರಕ್ತದಲ್ಲಿ ಸಕ್ಕರೆ ಸ್ವಲ್ಪ ಏರಿ ಮತ್ತೆ ಇಳಿದುಬಿಡುತ್ತದೆ. ಈ ಕೆಲಸ ಮಾಡುವುದು ಇನ್ಸುಲಿನ್. ಅದನ್ನು ತಯಾರಿಸುವುದು ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳ ಹಾಗೆ ಚದುರಿಕೊಂಡಿರುವ ಪುಟ್ಟ ಗುಂಪುಗಳಲ್ಲಿನ ಬೀಟಾ ಕೋಶಗಳು. ಈ ದ್ವೀಪಗಳನ್ನು 1869ರಲ್ಲಿ ಮೊದಲು ಗುರುತಿಸಿದವನು ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ. ಇವು ಏನು ಮಾಡುತ್ತವೆ ಎಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ.

ಬೀಟಾ ಕೋಶಗಳು ಇನ್ಸುಲಿನ್ನನ್ನು ಎರಡು ಕಂತಿನಲ್ಲಿ ಕೊಡುತ್ತವೆ. ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆಗೆದ ಕೂಡಲೇ ಜನ ನುಗ್ಗುತ್ತಾರೆ. ಕ್ಯಾಷಿಯರ್ ತನ್ನ ಗಲ್ಲಾದಲ್ಲಿ ಎಣಿಸಿಟ್ಟ ಹಣವನ್ನು ತಕ್ಷಣ ಕೊಡುತ್ತಾನೆ. ಅದು ಮೊದಲ ಕಂತು. ಅದು ಮುಗಿಯುವಷ್ಟರಲ್ಲಿ ಒಳಗಿನ ಸ್ಟ್ರಾಂಗ್ ರೂಮಿನಿಂದ ಕಟ್ಟುಗಳು ಬರುತ್ತಿರುತ್ತವೆ. ಅದು ಎರಡನೆಯದು. ಬೀಟಾ ಕೋಶದಲ್ಲೂ ಹಾಗೆಯೇ. ಸಿದ್ಧವಾಗಿಟ್ಟುಕೊಂಡ ಇನ್ಸುಲಿನ್ನಿನ ಪುಟ್ಟ ಚೀಲಗಳು ಮೊದಲ ಹತ್ತು ನಿಮಿಷದಲ್ಲಿ ಹೊರಬೀಳುತ್ತವೆ. ಆಮೇಲೆ ನಿಧಾನವಾಗಿ, ಬಹಳ ಹೊತ್ತು, ಉಳಿದದ್ದು ಬರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತನಾಳಕ್ಕೆ ನೇರವಾಗಿ ಗ್ಲೂಕೋಸ್ ಕೊಟ್ಟು, ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ರಕ್ತ ತೆಗೆದು ನೋಡಿದರೆ ಈ ಮೊದಲ ಕಂತು ಎಷ್ಟೆಂದು ಗೊತ್ತಾಗುತ್ತದೆ.

ನೋಡುವುದು ಹೇಗೆ ಎಂದಿರಾ? ರಕ್ತದಲ್ಲಿ ಇನ್ಸುಲಿನ್ ಇರುವುದು ಕಣ್ಣಿಗೂ ತಕ್ಕಡಿಗೂ ಸಿಗದಷ್ಟು ಅಲ್ಪ. ಅದನ್ನು ಖಚಿತವಾಗಿ ಅಳೆಯುವ ವಿಧಾನವನ್ನು 1950ರ ದಶಕದ ಕೊನೆಯಲ್ಲಿ ಕಂಡುಹಿಡಿದವರು ನ್ಯೂಯಾರ್ಕಿನ ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಆ ವಿಧಾನ ಇರದಿದ್ದರೆ ನಾನು ಮುಂದೆ ಹೇಳುವುದು ಯಾವುದೂ ಯಾರಿಗೂ ತಿಳಿಯುತ್ತಿರಲಿಲ್ಲ.

ಅಮೆರಿಕದ ಬಾಸ್ಟನ್ ನಗರದಲ್ಲಿ ಜಾಸ್ಲಿನ್ ಎಂಬ ಹಳೆಯ ಮಧುಮೇಹ ಕೇಂದ್ರವಿದೆ. ಅಲ್ಲಿಯ ವೈದ್ಯರು ಒಂದೇ ರೂಪದ ಅವಳಿಗಳನ್ನು, ಒಂದು ತ್ರಿವಳಿಯನ್ನು ವರ್ಷಗಟ್ಟಲೆ ಗಮನಿಸಿದರು. ಒಡಹುಟ್ಟಿದವರಲ್ಲಿ ಒಬ್ಬರಿಗೆ ಟೈಪ್ ಒನ್ ಬಂದಿದೆ, ಇನ್ನೊಬ್ಬರು ಚೆನ್ನಾಗಿದ್ದಾರೆ. ಚೆನ್ನಾಗಿರುವವರ ಒಳಗೆ ಏನಾಗುತ್ತಿದೆ ಎಂಬುದು ಪ್ರಶ್ನೆ. 1983ರಲ್ಲಿ ಪ್ರಕಟವಾದ ಈ ವರದಿಯ ಮೊದಲ ಹೆಸರು ನಮ್ಮವರದೇ: ಡಾ. ಎಸ್. ಶ್ರೀಕಾಂತ. ಮುಂದೆ ಬೆಂಗಳೂರಿಗೆ ಬಂದು ಮಧುಮೇಹದ ಚಿಕಿತ್ಸೆಯಲ್ಲೇ ತೊಡಗಿದವರು. ಜೊತೆಯಲ್ಲಿದ್ದವರು ಜಾರ್ಜ್ ಐಸನ್‌ಬಾರ್ತ್ ಮುಂತಾದವರು. ಮುಂದೆ ಕಾಯಿಲೆಗೆ ಬೀಳುವವರಲ್ಲಿ ರಕ್ತದ ಸಕ್ಕರೆ ಸರಿಯಾಗಿಯೇ ಇತ್ತು, ನೀರಡಿಕೆ ಇಲ್ಲ, ಸುಸ್ತಿಲ್ಲ. ಆದರೆ ಇನ್ಸುಲಿನ್ನಿನ ಮೊದಲ ಕಂತು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದಿತ್ತು. ಗಲ್ಲಾ ಖಾಲಿಯಾಗುತ್ತಿತ್ತು, ಸ್ಟ್ರಾಂಗ್ ರೂಮಿನಿಂದ ಹೇಗೋ ಸಂಭಾಳಿಸುತ್ತಿತ್ತು. ದಿನದ ಕೊನೆಗೆ ಲೆಕ್ಕ ಟ್ಯಾಲಿ ಆಗುತ್ತಿದ್ದುದರಿಂದ ಹೊರಗಿನವರಿಗೆ ಸುಳಿವೇ ಇಲ್ಲ.

ಇದನ್ನು ನನ್ನಾಕೆಗೆ ಓದಿ ಹೇಳಿದೆ. "ಖಾಲಿ ಮಾಡ್ತಿರೋರು ಯಾರು ಮತ್ತೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ.

ಖಾಲಿ ಮಾಡುವವರು ಹೊರಗಿನವರಲ್ಲ, ನಮ್ಮದೇ ಕಾವಲುಗಾರರು. ರೋಗಾಣುಗಳನ್ನು ಹೊಡೆಯಬೇಕಾದ ನಮ್ಮ ರೋಗನಿರೋಧಕ ಕಣಗಳು ಬೀಟಾ ಕೋಶಗಳನ್ನೇ ಶತ್ರುವೆಂದು ತಿಳಿದು ಹೊಡೆಯತೊಡಗುತ್ತವೆ. ಈ ಜಗಳ ನಡೆದಿದೆ ಎಂಬುದಕ್ಕೆ ರಕ್ತದಲ್ಲಿ ಕೆಲವು ಪ್ರತಿಕಾಯಗಳು ಸಿಗುತ್ತವೆ. ಕಳ್ಳನಲ್ಲ, ಕಳ್ಳನ ಹೆಜ್ಜೆಗುರುತು ಎನ್ನಿ. ಟೈಪ್ ಒನ್ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ಫಿನ್‌ಲೆಂಡ್ ದೇಶದಲ್ಲಿ 1994ರಿಂದ ಹುಟ್ಟಿದ ಮಕ್ಕಳ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿ, ವಂಶದಲ್ಲಿ ಅಪಾಯವಿರುವವರನ್ನು ಬೆಳೆಯುವವರೆಗೂ ನೋಡುತ್ತಿದ್ದಾರೆ. ಎಷ್ಟೋ ಮಕ್ಕಳಲ್ಲಿ ಈ ಹೆಜ್ಜೆಗುರುತು ಮೊದಲು ಕಾಣುವುದು ಒಂದೆರಡು ವರ್ಷದ ಪ್ರಾಯದಲ್ಲಿ. ಫಿನ್‌ಲೆಂಡ್, ಜರ್ಮನಿ, ಅಮೆರಿಕದ ಕೊಲರಾಡೊ, ಮೂರೂ ಕಡೆಯ ಮಕ್ಕಳ ಲೆಕ್ಕ ಸೇರಿಸಿ 2013ರಲ್ಲಿ ಹೇಳಿದ್ದು ಹೀಗೆ: ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯ ಇರುವ ಹತ್ತು ಮಕ್ಕಳಲ್ಲಿ ಏಳು ಮಂದಿಗೆ ಹತ್ತು ವರ್ಷದೊಳಗೆ ಕಾಯಿಲೆ ಕಾಣಿಸಿಕೊಂಡಿತು.

"ಒಂದೆರಡು ವರ್ಷ ಅಂದ್ರೆ ಇನ್ನೂ ರಾಗಿ ಸರಿ ತಿನ್ನೋ ವಯಸ್ಸು" ಎಂದಳು ಇವಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಮ್ಮ ಮಗುವಿಗೆ ಯಾವ ವಯಸ್ಸಿನಲ್ಲಿ ಶುರುವಾಯಿತೋ ಪರೀಕ್ಷೆ ಮಾಡಿ ನೋಡಿದವರಿಲ್ಲ. ಆದರೂ ಆ ಮಾತು ಅವಳಿಗೆ ಎಲ್ಲೋ ತಾಗಿತು.

ಆದರೆ ಅವಳ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ವರ್ಷಗಟ್ಟಲೆ ಸಂಭಾಳಿಸಿದ್ದು ಒಂದೇ ತಿಂಗಳಲ್ಲಿ ಕುಸಿದದ್ದು ಯಾಕೆ? ಅದಕ್ಕೆ ನನ್ನ ಸ್ವಂತ ಕಾಯಿಲೆಯಿಂದ ಶುರು ಮಾಡಬೇಕಾಯಿತು. ನನಗೂ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ನುಂಗುತ್ತಿದ್ದೇನೆ. ಎರಡೂ ಒಂದೇ ಎಂದುಕೊಂಡಿದ್ದೆ. ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ಎಂಬ ವೈದ್ಯರು 1936ರಲ್ಲೇ ಇವೆರಡನ್ನೂ ಬೇರ್ಪಡಿಸಿದ್ದರು. ರೋಗಿಗಳಿಗೆ ಗ್ಲೂಕೋಸನ್ನೂ ಇನ್ಸುಲಿನ್ನನ್ನೂ ಒಟ್ಟಿಗೆ ಕೊಟ್ಟು ನೋಡಿದರು. ಕೆಲವರಲ್ಲಿ ಸಕ್ಕರೆ ಏರಲಿಲ್ಲ, ಅಂದರೆ ಕೊಟ್ಟ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು. ಇನ್ನು ಕೆಲವರಲ್ಲಿ ಇನ್ಸುಲಿನ್ ಇದ್ದೂ ಸಕ್ಕರೆ ಏರಿತು. ಅವರ ದೇಹ ಅದರ ಮಾತು ಕೇಳುತ್ತಿರಲಿಲ್ಲ.

ನನ್ನದು ಎರಡನೆಯ ಜಾತಿ. ಸಂಬಳ ಬರುತ್ತಿದೆ, ಆದರೆ ಬೆಲೆಗಳು ಏರಿವೆ. ನೂರು ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ಇನ್ನೂರು ಕೊಡಬೇಕು. ಮೊಮ್ಮಗಳದು ಸಂಬಳವೇ ನಿಂತ ಜಾತಿ. ಬಹಳ ಕಾಲ ವೈದ್ಯರೂ ಟೈಪ್ ಒನ್ನಿನಲ್ಲಿ ಸಂಬಳವನ್ನಷ್ಟೇ ನೋಡಿದರು. ಆಮೇಲೆ, ಅಪಾಯದಲ್ಲಿರುವ ಮಕ್ಕಳನ್ನು ತಿಂಗಳು ತಿಂಗಳು ಹತ್ತಿರದಿಂದ ಗಮನಿಸಿದಾಗ, ಕೊನೆಯ ಹಂತದಲ್ಲಿ ಬೆಲೆಯೂ ಲೆಕ್ಕಕ್ಕೆ ಬರುತ್ತದೆ ಎಂದು ಕಂಡಿತು.

ಮಕ್ಕಳು ಹತ್ತು ಹನ್ನೊಂದು ದಾಟಿ ಸರಸರನೆ ಬೆಳೆಯುವಾಗ ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್ನಿಗೆ ಅಡ್ಡ ನಿಲ್ಲುತ್ತವೆ. ಅಷ್ಟೇ ಕೆಲಸಕ್ಕೆ ಹೆಚ್ಚು ಇನ್ಸುಲಿನ್ ಬೇಕು. ಇದು ಎಲ್ಲ ಮಕ್ಕಳಿಗೂ ಆಗುವುದೇ. ಗಟ್ಟಿಯಾದ ಗ್ರಂಥಿ ಇದ್ದರೆ ಓವರ್‌ಟೈಮ್ ಮಾಡಿ ಕೊಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಜ್ವರ ಬಂದಾಗಲೂ ಹೀಗೆಯೇ ಬೆಲೆ ಏರುತ್ತದೆ. ಈಗ ನಮ್ಮ ಮಗುವಿನ ಲೆಕ್ಕ ಹಾಕಿ. ಉಳಿತಾಯ ವರ್ಷಗಳಿಂದ ಕರಗಿದೆ. ಹತ್ತು ವರ್ಷ, ಒಂದೇ ವರ್ಷದಲ್ಲಿ ಯೂನಿಫಾರಂ ಎರಡು ಸಲ ಹೊಲಿಸಿದ್ದೆವು. ಅದರ ಮೇಲೆ ನಾಲ್ಕು ದಿನದ ಜ್ವರ. ಕೊಡುವವರು ಕಡಿಮೆ, ಕೇಳುವವರು ಜಾಸ್ತಿ. ಸಕ್ಕರೆ ಒಮ್ಮೆ ಏರಿತೆಂದರೆ ಆ ಏರಿಕೆಯೇ ಉಳಿದ ಬೀಟಾ ಕೋಶಗಳನ್ನು ಸುಸ್ತು ಮಾಡುತ್ತದೆ, ದೇಹವೂ ಇನ್ಸುಲಿನ್ನಿಗೆ ಇನ್ನಷ್ಟು ಕಿವುಡಾಗುತ್ತದೆ. ಐಸನ್‌ಬಾರ್ತ್ ಅವರು 1986ರಲ್ಲಿ ಬರೆದ ಪ್ರಸಿದ್ಧ ಚಿತ್ರದಲ್ಲಿ ಬೀಟಾ ಕೋಶಗಳ ಸಂಖ್ಯೆ ಒಂದೇ ಸಮನೆ ಇಳಿಯುವ ಗೆರೆಯಂತಿದೆ. ಆಮೇಲಿನ ಅಧ್ಯಯನಗಳ ಪ್ರಕಾರ ಇಳಿತ ಹಾಗಿಲ್ಲ. ಬಹುಕಾಲ ನಿಧಾನ, ಕೊನೆಯ ತಿಂಗಳುಗಳಲ್ಲಿ ಧಡಾರನೆ. ಚಾಮುಂಡಿ ಬೆಟ್ಟವನ್ನು ಬಸ್ಸಿನ ರಸ್ತೆಯಲ್ಲಿ ಇಳಿಯುತ್ತಾ ಬಂದು, ಕೊನೆಯಲ್ಲಿ ಮೆಟ್ಟಿಲಿನಲ್ಲಿ ಉರುಳಿದ ಹಾಗೆ.

ಜ್ವರದಿಂದಲೇ ಬಂತು ಎಂದು ನೆಂಟರೆಲ್ಲ ಹೇಳಿದರಲ್ಲ, ಅದಕ್ಕೆ ಉತ್ತರ ಇದು. ಜ್ವರ ಬಾಗಿಲು ತೆಗೆದು ತೋರಿಸಿತು, ಅಷ್ಟೆ. ಮನೆ ಮೊದಲೇ ಖಾಲಿಯಾಗಿತ್ತು. ಸಕ್ಕರೆ ಸುಮಾರು 180 ದಾಟಿದಾಗ ಮೂತ್ರಪಿಂಡ ಅದನ್ನು ಹಿಡಿದಿಡಲಾರದೆ ಹೊರಗೆ ಚೆಲ್ಲುತ್ತದೆ, ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಚೊಂಬುಗಟ್ಟಲೆ ನೀರು, ಅದಕ್ಕೇ ಒದ್ದೆ ಹಾಸಿಗೆ. ತಿಂದದ್ದು ದೇಹಕ್ಕೆ ಸೇರದೆ ಕೊಬ್ಬು ಕರಗುವುದರಿಂದ ಸೊರಗುವುದು. ಆ ಕೊಬ್ಬು ಉರಿದು ಬಂದ ಹುಳಿ ರಕ್ತದಲ್ಲಿ ಸೇರಿದಾಗ ವಾಂತಿ, ದೀರ್ಘ ಉಸಿರು. ಅಜ್ಜಿ ಎರಡನೆಯ ಉಂಡೆ ಕೊಟ್ಟದ್ದು ಮಗು ಸೊರಗಿದ್ದಕ್ಕೆ. ಉಂಡೆ ಕೊಟ್ಟದ್ದಕ್ಕೆ ಮಗು ಸೊರಗಿದ್ದಲ್ಲ. ಡೆಬಿಟ್ ಮೊದಲು, ಕ್ರೆಡಿಟ್ ಆಮೇಲೆ. ನಾವು ತಾರೀಖನ್ನೇ ಹಿಂದುಮುಂದು ಓದಿದ್ದೆವು.

ನನಗೆ ಹೊಟ್ಟೆ ಉರಿಯುವುದು ಆ ಒದ್ದೆ ಹಾಸಿಗೆಯ ವಿಷಯಕ್ಕೆ. ಇಟಲಿಯಲ್ಲಿ ಪಾರ್ಮಾ ಎಂಬ ಪ್ರಾಂತ್ಯವಿದೆ. ಅಲ್ಲಿ 1991ರಲ್ಲಿ ಶಾಲೆಗಳಲ್ಲಿ, ಮಕ್ಕಳ ಡಾಕ್ಟರುಗಳ ಕ್ಲಿನಿಕ್ಕುಗಳಲ್ಲಿ ಒಂದು ಪೋಸ್ಟರ್ ಹಚ್ಚಿದರು. ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ ಸಕ್ಕರೆ ನೋಡಿಸಿ ಎಂಬ ಅರ್ಥದ್ದು. ಅಷ್ಟೆ. ಅದಕ್ಕೂ ಮುಂಚೆ ಅಲ್ಲಿ ಹೊಸದಾಗಿ ಟೈಪ್ ಒನ್ ಪತ್ತೆಯಾದ ಮಕ್ಕಳಲ್ಲಿ ನೂರಕ್ಕೆ 78 ಮಂದಿ ರಕ್ತ ಹುಳಿಯಾಗುವ ಸ್ಥಿತಿ ಮುಟ್ಟಿ ಆಸ್ಪತ್ರೆಗೆ ಬರುತ್ತಿದ್ದರು. ಪೋಸ್ಟರಿನ ನಂತರದ ವರ್ಷಗಳಲ್ಲಿ ಅದು ನೂರಕ್ಕೆ 12.5ಕ್ಕೆ ಇಳಿಯಿತು. ಬೆರಳು ಚುಚ್ಚುವ ಯಂತ್ರ ನಮ್ಮ ಮನೆಯಲ್ಲೇ ಇತ್ತು, ನನ್ನ ಕಾಯಿಲೆಗೆಂದು ತಂದದ್ದು. ದೇವರ ಮನೆಯ ಪಕ್ಕದ ಷೆಲ್ಫಿನಲ್ಲಿ. ಮೂರು ವಾರ ಮಗು ನೀರು ಕುಡಿಯುತ್ತಿದ್ದುದನ್ನು ನೋಡುತ್ತಾ ಅದೇ ಯಂತ್ರದಲ್ಲಿ ನಾನು ನನ್ನ ಬೆರಳನ್ನು ಮಾತ್ರ ಚುಚ್ಚಿಕೊಂಡೆ. ಮಕ್ಕಳಿಗೆ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದೇ ತಲೆಗೆ ಹೊಳೆಯಲಿಲ್ಲ. ಇದನ್ನು ಓದುತ್ತಿರುವ ತಾತಂದಿರೇ, ನಿಮ್ಮ ಷೆಲ್ಫಿನಲ್ಲೂ ಒಂದು ಇರಬಹುದು.

ಇನ್ನೊಂದು ಗೊಂದಲವನ್ನೂ ಹೇಳಿಬಿಡುತ್ತೇನೆ. ಇನ್ಸುಲಿನ್ ಶುರುವಾದ ಮೂರನೆಯ ತಿಂಗಳಿಗೆ ಮಗುವಿನ ಡೋಸ್ ತಾನಾಗಿ ಕಡಿಮೆಯಾಗುತ್ತಾ ಬಂತು. ನಮಗೆಲ್ಲ ಸಂಭ್ರಮ. ಒಬ್ಬ ನೆಂಟರು ನೇರಳೆ ಬೀಜದ ಪುಡಿ ತಂದುಕೊಟ್ಟು "ಇಂಜೆಕ್ಷನ್ ಬಿಟ್ಟುಬಿಡಿ, ವಾಸಿ ಆಗ್ತಿದೆ" ಎಂದರು. ಮಗನಿಗೂ ಆಸೆ ಹುಟ್ಟಿತ್ತು. ಡಾಕ್ಟರಮ್ಮ ಅದನ್ನು ಹನಿಮೂನ್ ಕಾಲ ಎಂದು ಕರೆದರು. ಹೊರಗಿನಿಂದ ಇನ್ಸುಲಿನ್ ಬಂದು ಸಕ್ಕರೆ ಇಳಿದಾಗ ಉಳಿದಿರುವ ಬೀಟಾ ಕೋಶಗಳಿಗೆ ವಿಶ್ರಾಂತಿ ಸಿಗುತ್ತದೆ, ದೇಹದ ಕಿವುಡೂ ಹೋಗುತ್ತದೆ. ಬೆಲೆ ಇಳಿದಿದೆ, ಸಂಬಳವೂ ಚೂರು ಬರುತ್ತಿದೆ. ಆದರೆ ಒಳಗಿನ ಜಗಳ ನಿಂತಿಲ್ಲ. ಇಂಜೆಕ್ಷನ್ ಬಿಟ್ಟರೆ ಮತ್ತೆ ಆಸ್ಪತ್ರೆಯೇ.

ಇದನ್ನು ಅವರು ಸಾಬೀತು ಮಾಡಿ ತೋರಿಸಿದ್ದು ಸಿ-ಪೆಪ್ಟೈಡ್ ಎಂಬ ಪರೀಕ್ಷೆಯಿಂದ. ನನಗೆ ಬಹಳ ಇಷ್ಟವಾದ ವಿಷಯ ಇದು. ದೇಹ ಇನ್ಸುಲಿನ್ನನ್ನು ಮೊದಲು ಒಂದು ಉದ್ದನೆಯ ತುಂಡಾಗಿ ತಯಾರಿಸಿ, ಆಮೇಲೆ ಕತ್ತರಿಸುತ್ತದೆ. ಹೀಗೆಂದು 1967ರಲ್ಲಿ ಶಿಕಾಗೋದ ಡೊನಾಲ್ಡ್ ಸ್ಟೈನರ್ ತೋರಿಸಿದರು. ಒಂದು ಇನ್ಸುಲಿನ್ ಹೊರಬಿದ್ದರೆ ಒಂದು ಸಿ-ಪೆಪ್ಟೈಡೂ ಬೀಳಬೇಕು. ಚಲನ್ ಹರಿದಾಗ ಕೌಂಟರ್ ಫಾಯಿಲ್ ಉಳಿಯುವುದಿಲ್ಲವೇ, ಹಾಗೆ. ಚುಚ್ಚಿಕೊಳ್ಳುವ ಇನ್ಸುಲಿನ್ನಿಗೆ ಕೌಂಟರ್ ಫಾಯಿಲ್ ಇರುವುದಿಲ್ಲ. ಆದ್ದರಿಂದ ಅದನ್ನು ಎಣಿಸಿದರೆ ಮಗುವಿನ ಸ್ವಂತ ಸಂಪಾದನೆ ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ. ನಮ್ಮ ಮಗುವಿನದು ಸ್ವಲ್ಪ ಇತ್ತು. ಪುಡಿಯ ಪೊಟ್ಟಣ ನೆಂಟರಿಗೆ ವಾಪಸಾಯಿತು.

ಅವಳ ತಮ್ಮನಿಗೆ ಈಗ ಆರು ವರ್ಷ. ಒಂದು ರಾತ್ರಿ ನನ್ನ ಪಕ್ಕ ಮಲಗಿದ್ದವನು "ತಾತಾ, ನಂಗೂ ಬರುತ್ತಾ?" ಎಂದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಹೀಗೆ ಅಕ್ಕನೋ ಅಣ್ಣನೋ ಕಾಯಿಲೆಯವರಾಗಿರುವ ನೂರು ಮಕ್ಕಳಲ್ಲಿ ಐದಾರು ಮಂದಿಗೆ ಬರುತ್ತದೆ. "ನೂರರಲ್ಲಿ ತೊಂಬತ್ನಾಲ್ಕು ಜನಕ್ಕೆ ಬರಲ್ಲ ಕಣೋ" ಎಂದೆ. ಅವನು ಬೆರಳಲ್ಲಿ ಎಣಿಸಲು ಹೋಗಿ ನಿದ್ದೆ ಹೋದ.

ಅವನಿಗೆ ಪ್ರತಿಕಾಯದ ಪರೀಕ್ಷೆ ಮಾಡಿಸಬೇಕೇ ಬೇಡವೇ ಎಂದು ಮನೆಯಲ್ಲಿ ಎರಡು ಪಂಗಡ. ಸೊಸೆ ಬೇಡವೆನ್ನುತ್ತಾಳೆ. ಬಂದಿದೆ ಎಂದು ಗೊತ್ತಾದರೆ ಪ್ರತಿದಿನ ಆ ಭಯದಲ್ಲೇ ಬದುಕಬೇಕಲ್ಲ ಎಂಬುದು ಅವಳ ಮಾತು. ಅದನ್ನು ತಳ್ಳಿಹಾಕಲಾರೆ. ಮೊದಲೇ ತಿಳಿದರೂ ಪೂರ್ತಿ ತಡೆಯುವ ಔಷಧಿ ಇನ್ನೂ ಬಂದಿಲ್ಲ. ಅಪಾಯದಲ್ಲಿರುವವರಿಗೆ ಮುಂಚೆಯೇ ಇನ್ಸುಲಿನ್ ಕೊಟ್ಟು ನೋಡಿದ ಅಮೆರಿಕದ ದೊಡ್ಡ ಪ್ರಯೋಗ 2002ರಲ್ಲಿ ಫಲ ಕೊಡಲಿಲ್ಲ. 2019ರಲ್ಲಿ ಟೆಪ್ಲಿಜುಮ್ಯಾಬ್ ಎಂಬ ಔಷಧಿ, ಹದಿನಾಲ್ಕು ದಿನ ಕೊಟ್ಟದ್ದು, ಕಾಯಿಲೆಯನ್ನು ಸುಮಾರು ಎರಡು ವರ್ಷ ಮುಂದಕ್ಕೆ ಹಾಕಿತು. 76 ಜನರ ಮೇಲಿನ ಪ್ರಯೋಗ. ಅಮೆರಿಕದಲ್ಲಿ 2022ರ ನವೆಂಬರಿನಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು, ಎಂಟು ವರ್ಷ ದಾಟಿದವರಿಗೆ. ಎರಡು ವರ್ಷ ಏನು ಮಹಾ ಎನ್ನಬಹುದು. ಇಂಜೆಕ್ಷನ್ ಇಲ್ಲದ ಎರಡು ಬೇಸಿಗೆ ರಜೆ ಎಂದು ಯೋಚಿಸಿ ನೋಡಿ. ನಾನಂತೂ ಪರೀಕ್ಷೆ ಆಗಲಿ ಎನ್ನುವ ಪಂಗಡ. ಬ್ಯಾಲೆನ್ಸ್ ಗೊತ್ತಿಲ್ಲದೆ ಚೆಕ್ ಬರೆಯುವುದು ನನಗೆ ಒಗ್ಗುವುದಿಲ್ಲ. ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮನ ಹತ್ತಿರ ಕೂತು ಮಾತಾಡೋಣ ಎಂದು ಮಗ ಹೇಳಿದ್ದಾನೆ. ಮಗು ಅವರದು, ತೀರ್ಮಾನವೂ ಅವರದೇ.

ಹೋದ ಭಾನುವಾರ ಬೆಳಿಗ್ಗೆ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂತು. ಪೇಪರು ಮಡಚಿಟ್ಟು ಒಳಗೆ ಹೋದೆ. ಸ್ಟೀಲ್ ಡಬ್ಬ ಗೂಡಿನಿಂದ ಇಳಿದು ತೊಳೆಸಿಕೊಂಡು ಕೂತಿತ್ತು. ಇವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಉಂಡೆಗಳು ಮೊದಲಿಗಿಂತ ಸಣ್ಣವು.

ಮೊಮ್ಮಗಳು ಅಡುಗೆಮನೆಯ ಪುಟ್ಟ ತಕ್ಕಡಿಯ ಮೇಲೆ ಒಂದು ಉಂಡೆ ಇಟ್ಟಳು. "ಇಪ್ಪತ್ತೆಂಟು ಗ್ರಾಂ." ಅಜ್ಜಿ ಎಷ್ಟು ರವೆ, ಎಷ್ಟು ಸಕ್ಕರೆ ಹಾಕಿದಳೆಂದು ಕೇಳಿ, ಡಾಕ್ಟರಮ್ಮ ಕಲಿಸಿದ ಲೆಕ್ಕ ಹಾಕಿ ಪುಸ್ತಕದಲ್ಲಿ ಬರೆದುಕೊಂಡಳು. ಇನ್ಸುಲಿನ್ ತೆಗೆದುಕೊಂಡಳು. ಗಡಿಯಾರ ನೋಡುತ್ತಾ ಕಾದಳು. ಆಮೇಲೆ ತಿಂದಳು. ನಾನೂ ಡಬ್ಬದ ಕಡೆ ಕೈ ಚಾಚಿದೆ.

"ತಾತಾ, ನಿಂಗೆ ಅರ್ಧ" ಎಂದಳು, ಪುಸ್ತಕದಿಂದ ತಲೆ ಎತ್ತದೆ.